ಮಲೆನಾಡಿನ ಮನೆಯಲ್ಲಿ ಫೋಟೋ ಪ್ರಿಂಟ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ನಮ್ಮ ಮನೆ. ಅಡಿಕೆ ತೋಟವಿದೆ. ಕಳೆದ ವರ್ಷ ಮಗಳ ಮದುವೆಯಾಯಿತು. ಆಗಿನ ಸುಮಾರು ನಾನೂರು ಫೋಟೋಗಳು ಪೆನ್‌ಡ್ರೈವ್‌ನಲ್ಲಿಯೇ ಉಳಿದಿವೆ. ಸ್ಟುಡಿಯೋದಲ್ಲಿ 4×6ಕ್ಕೆ 15 ರೂಪಾಯಿ, 8×12ಕ್ಕೆ 80 ರೂಪಾಯಿ ಹೇಳುತ್ತಾರೆ. ಮನೆಗೇ ಒಂದು ಪ್ರಿಂಟರ್ ತಂದುಕೊಂಡರೆ ಅಗ್ಗವಾಗುತ್ತದೆಯೇ? ಅಂಗಡಿಯಲ್ಲಿ ನಾಲ್ಕೂವರೆ ಸಾವಿರದ್ದೂ ಇದೆ, ಇಪ್ಪತ್ತೆರಡು ಸಾವಿರದ್ದೂ ಇದೆ. ಮೊಮ್ಮಗನ ಶಾಲೆಯ ಪ್ರಾಜೆಕ್ಟ್, ಪಹಣಿ ಪ್ರತಿ ಮುಂತಾದವುಗಳಿಗಾಗಿ ವಾರಕ್ಕೊಮ್ಮೆಯಾದರೂ ಪೇಟೆಗೆ ಓಡಬೇಕಾಗುತ್ತದೆ. ಅಗ್ಗದ ಇಂಕ್ ಹಾಕಬಹುದೇ? ಜಗಲಿಯಲ್ಲಿ ತೂಗುಹಾಕಿರುವ ನಮ್ಮ ಅಜ್ಜನ ಕಪ್ಪುಬಿಳುಪು ಫೋಟೋ ಮಾಸುತ್ತಿದೆ. ಅದನ್ನು ದೊಡ್ಡದು ಮಾಡಿಸುವ ಆಸೆಯೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಪಹಣಿಯ ಮೇಲೆ. ಅದು ಯಾಕೆಂದು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. ಮೊದಲು ನೇರವಾದ ಉತ್ತರ. ಮದುವೆಯ ನಾನೂರು ಫೋಟೋಗಳನ್ನು ಒಂದೇ ಬಾರಿಗೆ ಸ್ಟುಡಿಯೋಗೆ ಕೊಟ್ಟುಬಿಡಿ. ಅಷ್ಟು ಪ್ರತಿ ಒಟ್ಟಿಗೆ ಕೊಡುತ್ತೇನೆಂದರೆ 15 ರೂಪಾಯಿಯನ್ನು ಕಡಿಮೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ, ಸಂಕೋಚಪಡಬೇಡಿ. ಮನೆಗೆ ಪ್ರಿಂಟರ್ ಬೇಕೆಂದರೆ ಸ್ಕ್ಯಾನರ್ ಇರುವ, ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ (ಬಾಟಲಿಯಿಂದ ಇಂಕ್ ತುಂಬಿಸಿಕೊಳ್ಳುವ ಬಗೆಯದು) ತನ್ನಿ. ನಾಲ್ಕೂವರೆ ಸಾವಿರದ್ದು ಖಂಡಿತ ಬೇಡ. ಇಪ್ಪತ್ತೆರಡು ಸಾವಿರದ್ದೂ ನಿಮಗೆ ಬೇಕಾಗಿಲ್ಲ. ಅಲ್ಲಿ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಅಜ್ಜನ ಫೋಟೋಕ್ಕೆ ತೆಗೆದಿಡಿ.

ಈಗ ಲೆಕ್ಕಕ್ಕೆ ಬರೋಣ. ಅಂಚಿನಿಂದ ಅಂಚಿಗೆ ಬಣ್ಣ ತುಂಬಿದ ಒಂದು 4×6 ಫೋಟೋಕ್ಕೆ ಸರಾಸರಿ 0.2 ಮಿಲಿಲೀಟರ್ ಇಂಕ್ ಬೇಕಾಗುತ್ತದೆ. ನಾಲ್ಕೈದು ಹನಿ, ಅಷ್ಟೇ. ಯಾವ ಪ್ರಿಂಟರ್ ಆದರೂ ಈ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಆ ಹನಿಗಳ ಬೆಲೆ. ನಾಲ್ಕೂವರೆ ಸಾವಿರದ ಪ್ರಿಂಟರ್‌ನ ಕಲರ್ ಕಾರ್ಟ್ರಿಜ್‌ಗೆ ಸಾವಿರ ರೂಪಾಯಿ ಮತ್ತು ಅದರೊಳಗೆ ಎಂಟು ಮಿಲಿಲೀಟರ್ ಇಂಕ್ ಎಂದು ಹಿಡಿಯಿರಿ. ಒಂದು ಮಿಲಿಲೀಟರ್‌ಗೆ 125 ರೂಪಾಯಿಯಾಯಿತು, ಒಂದು ಫೋಟೋದ ಇಂಕಿಗೇ 25 ರೂಪಾಯಿ. ನಾನೂರು ಫೋಟೋಕ್ಕೆ ಹತ್ತು ಸಾವಿರ! ಕಾಗದದ ಬೆಲೆ ಇನ್ನೂ ಸೇರಿಸಿಯೇ ಇಲ್ಲ. ಇಂಥ ಯಂತ್ರವನ್ನು ಕಡಿಮೆ ಬೆಲೆಗೆ ಕೊಡುವುದೇ ಮುಂದೆ ಕಾರ್ಟ್ರಿಜ್ ಮಾರುವುದಕ್ಕಾಗಿ. ಟ್ಯಾಂಕ್ ಪ್ರಿಂಟರ್‌ನಲ್ಲಿ 70 ಮಿಲಿಲೀಟರ್‌ನ ಬಾಟಲಿಗೆ ಏಳುನೂರು ರೂಪಾಯಿ ಎಂದುಕೊಂಡರೂ ಮಿಲಿಲೀಟರ್‌ಗೆ ಬೀಳುವುದು ಹತ್ತೇ ರೂಪಾಯಿ. ಅಲ್ಲಿಗೆ ಒಂದು ಫೋಟೋದ ಇಂಕಿನ ಖರ್ಚು ಎರಡು ರೂಪಾಯಿಗೆ ಇಳಿಯಿತು. ನಿಮ್ಮ ಅಂಗಡಿಯವರು ಹೇಳುವ ದರ ಬೇರೆಯಿದ್ದರೆ ಅದನ್ನೇ ಹಾಕಿ ಗುಣಿಸಿ ನೋಡಿ. ಎರಡರ ನಡುವಿನ ಅಂತರ ಮಾತ್ರ ಹೀಗೆಯೇ ಇರುತ್ತದೆ.

ಇಂಕಿಗೆ ಎರಡು ರೂಪಾಯಿ, ಒಳ್ಳೆಯ ಫೋಟೋ ಪೇಪರಿಗೆ ಆರು ರೂಪಾಯಿ, ಒಟ್ಟು ಎಂಟು. ಇಷ್ಟಕ್ಕೇ ಲೆಕ್ಕ ನಿಲ್ಲಿಸುವವರೇ ಹೆಚ್ಚು. ನಾನು ಮೂವತ್ತು ವರ್ಷ ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡಿದವನು. ಮನೆಯಲ್ಲಿ ಪ್ರಿಂಟ್ ತೆಗೆಯುವ ಯಾರನ್ನು ಕೇಳಿದರೂ ಎಂಟರಲ್ಲಿ ಒಂದು ಪ್ರಿಂಟ್ ಕೆಟ್ಟೇ ಕೆಟ್ಟಿರುತ್ತದೆ. ಒಂದರಲ್ಲಿ ತಲೆ ಕತ್ತರಿಸಿ ಹೋಗಿರುತ್ತದೆ, ಇನ್ನೊಂದು ಕಪ್ಪಾಗಿ ಬಂದಿರುತ್ತದೆ, ಮತ್ತೊಂದರ ಮೇಲೆ ಹಸಿ ಇರುವಾಗಲೇ ಯಾರದೋ ಬೆರಳು ಬಿದ್ದಿರುತ್ತದೆ. ಆಗಾಗ ಹೆಡ್, ಎಂದರೆ ಇಂಕ್ ಚಿಮ್ಮಿಸುವ ಭಾಗವನ್ನು, ಸ್ವಚ್ಛ ಮಾಡುವಾಗ ಯಂತ್ರವು ಒಂದಿಷ್ಟು ಇಂಕನ್ನು ಸುಮ್ಮನೆ ಒಳಗಿನ ಪ್ಯಾಡಿಗೆ ಚೆಲ್ಲುತ್ತದೆ. ಇವನ್ನೆಲ್ಲ ಸೇರಿಸಿದರೆ ಕೈಗೆ ಬರುವ ಒಂದು ಒಳ್ಳೆಯ ಪ್ರಿಂಟ್‌ಗೆ ಹತ್ತು ರೂಪಾಯಿ ಎನ್ನುವುದು ನ್ಯಾಯವಾದ ಅಂದಾಜು. ಅದರ ಮೇಲೆ ಯಂತ್ರದ ಬೆಲೆ. ಇಪ್ಪತ್ತೆರಡು ಸಾವಿರದ ಪ್ರಿಂಟರ್ ಐದು ವರ್ಷ ಬಾಳಿದರೆ ವರ್ಷಕ್ಕೆ 4,400 ರೂಪಾಯಿ. ತಿಂಗಳಿಗೆ ನಲವತ್ತು ಫೋಟೋ ತೆಗೆದರೆ ಒಂದೊಂದರ ತಲೆಯ ಮೇಲೂ ಯಂತ್ರದ ಪಾಲು ಒಂಬತ್ತು ರೂಪಾಯಿ ಕೂರುತ್ತದೆ. ಹತ್ತು ಮತ್ತು ಒಂಬತ್ತು ಹತ್ತೊಂಬತ್ತು, ಸ್ಟುಡಿಯೋಗಿಂತ ದುಬಾರಿ. ತಿಂಗಳಿಗೆ ನೂರು ತೆಗೆದರೆ ಹದಿನಾಲ್ಕಕ್ಕೆ ಇಳಿಯುತ್ತದೆ. ಎಪ್ಪತ್ತರಿಂದ ಎಪ್ಪತ್ತೈದರ ಹತ್ತಿರ ಎರಡೂ ಸಮ. ಮದುವೆಯ ಫೋಟೋಗಳು ಮುಗಿದ ಮೇಲೂ ತಿಂಗಳು ತಿಂಗಳು ಎಪ್ಪತ್ತೈದು ಫೋಟೋ ತೆಗೆಯುವ ಮನೆ ನಿಮ್ಮದು ಹೌದೇ ಎಂದು ಪ್ರಾಮಾಣಿಕವಾಗಿ ಯೋಚಿಸಿ.

ಪಹಣಿಯ ಮಾತು ಬರುವುದು ಇಲ್ಲಿಯೇ. ಶಾಲೆಯ ಪ್ರಾಜೆಕ್ಟಿಗೂ ದಾಖಲೆಗಳ ಪ್ರತಿಗೂ ವಾರಕ್ಕೊಮ್ಮೆ ಪೇಟೆಗೆ ಹೋಗುತ್ತೀರಿ ಎಂದಿದ್ದೀರಿ. ಹಾಗಿದ್ದರೆ ಯಂತ್ರದ ಬೆಲೆಯನ್ನು ಆ ಓಡಾಟದ ಖಾತೆಗೆ ಬರೆಯಿರಿ. ಬಸ್ಸಿನ ದುಡ್ಡು, ಅರ್ಧ ದಿನದ ಕೆಲಸ, ಮಳೆಯಲ್ಲಿ ಕೊಡೆ ಹಿಡಿದು ಮೂರು ಕಿಲೋಮೀಟರ್ ನಡೆಯುವುದು, ಇವುಗಳ ಮುಂದೆ ಹದಿಮೂರು ಹದಿನಾಲ್ಕು ಸಾವಿರದ ಒಂದು ಟ್ಯಾಂಕ್ ಪ್ರಿಂಟರ್ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಯಂತ್ರ ಹೇಗೂ ಮನೆಯಲ್ಲಿದೆ ಎಂದಾದ ಮೇಲೆ ಫೋಟೋಕ್ಕೆ ತಗಲುವುದು ಆ ಹತ್ತು ರೂಪಾಯಿ ಮಾತ್ರ. ಇನ್ನೊಂದು ಲಾಭವೂ ಇದೆ. ವಾರ ವಾರ ಓಡುವ ಯಂತ್ರದ ಹೆಡ್ ಕಟ್ಟಿಕೊಳ್ಳುವುದಿಲ್ಲ. ಪಹಣಿ ಕಪ್ಪು ಇಂಕಿನಲ್ಲಿಯೇ ಮುಗಿದುಹೋಗುತ್ತದೆ, ಆದ್ದರಿಂದ ಮೊಮ್ಮಗನ ಪ್ರಾಜೆಕ್ಟಿನ ಒಂದಾದರೂ ಬಣ್ಣದ ಹಾಳೆ ವಾರಕ್ಕೊಮ್ಮೆ ಹೊರಬರುವಂತೆ ನೋಡಿಕೊಳ್ಳಿ. ನಿಮ್ಮೂರಿನ ಸಂತೆಯ ದಿನವನ್ನೇ ಅದಕ್ಕೂ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ.

ದೊಡ್ಡ ಅಳತೆಯಲ್ಲಿ ಮನೆಯ ಪ್ರಿಂಟ್ ಇನ್ನೂ ಲಾಭ. ಎ4 ಹಾಳೆ 4×6ರ ನಾಲ್ಕರಷ್ಟಿದೆ, ಇಂಕಿಗೆ ಎಂಟು ರೂಪಾಯಿ, ಕಾಗದಕ್ಕೆ ಇಪ್ಪತ್ತೈದು. ಕೆಟ್ಟದ್ದನ್ನೂ ಸೇರಿಸಿದರೆ ನಲವತ್ತು. ನಿಮ್ಮ ಸ್ಟುಡಿಯೋದ ಎಂಬತ್ತಕ್ಕೆ ಇದು ಅರ್ಧ. ಒಂದು ಎಚ್ಚರಿಕೆ: ಎ4ರ ಉದ್ದ ಹನ್ನೆರಡು ಇಂಚಿಗಿಂತ ಸ್ವಲ್ಪ ಕಡಿಮೆ. 8×12ರ ಕಟ್ಟಿನಲ್ಲಿ (ಫ್ರೇಮಿನಲ್ಲಿ) ಅದನ್ನು ಕೂರಿಸಲು ಹೋದರೆ ಒಂದು ಬದಿಯಲ್ಲಿ ಬಿಳಿ ಗೆರೆ ಕಾಣುತ್ತದೆ. ಎ4 ಅಳತೆಯದೇ ಕಟ್ಟು ತನ್ನಿ.

ಖರ್ಚಿನ ಮಾತಾಯಿತು. ಇನ್ನು ಪ್ರಿಂಟ್ ಹೇಗೆ ಬರುತ್ತದೆ ಎಂಬುದು. ಸ್ಟುಡಿಯೋದವರ ಲ್ಯಾಬಿನಲ್ಲಿ ರೂಢಿಯಲ್ಲಿರುವ ಪ್ರಿಂಟ್‌ನಲ್ಲಿ ಇಂಕ್ ಇರುವುದೇ ಇಲ್ಲ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಬೆಳಕು ಬೀಳಿಸಿ, ರಾಸಾಯನಿಕದಲ್ಲಿ ತೊಳೆದು ಬಣ್ಣ ಬರಿಸುತ್ತಾರೆ. ಆದ್ದರಿಂದಲೇ ಭೂತಗನ್ನಡಿ ಹಿಡಿದು ನೋಡಿದರೂ ಅದರಲ್ಲಿ ಚುಕ್ಕೆ ಕಾಣುವುದಿಲ್ಲ. ಈಗ ಕೆಲವು ಕಡೆ ಲ್ಯಾಬಿನಲ್ಲಿಯೂ ಇಂಕ್‌ಜೆಟ್ ಯಂತ್ರಗಳೇ ಬಂದಿವೆ, ಕೇಳಿ ತಿಳಿದುಕೊಳ್ಳಬಹುದು. ಮನೆಯ ಇಂಕ್‌ಜೆಟ್ ಚಿತ್ರವನ್ನು ಕಟ್ಟುವುದು ಚುಕ್ಕೆಗಳಿಂದ. ಅದರಲ್ಲಿ ಬಿಳಿ ಇಂಕ್ ಎಂಬುದಿಲ್ಲ, ಬಿಳಿಯೆಂದರೆ ಖಾಲಿ ಬಿಟ್ಟ ಕಾಗದ. ತಿಳಿ ನೀಲಿ ಬೇಕಾದರೆ ಗಾಢ ನೀಲಿಯ ಚುಕ್ಕೆಗಳನ್ನು ದೂರ ದೂರ ಇಡುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಕುಂದಾದ್ರಿಯ ಮೇಲಿನಿಂದ ಮುಂಜಾನೆ ತೆಗೆದ ಒಂದು ಫೋಟೋ ನನ್ನಲ್ಲಿದೆ. ಕೆಳಗೆ ಕಾಡು, ಅದರ ಮೇಲೆ ಹಾಸಿಕೊಂಡ ಮಂಜು, ಮೇಲೆ ಇನ್ನೂ ಬಣ್ಣ ತುಂಬದ ಆಕಾಶ. ಅದನ್ನು ನಾಲ್ಕು ಬಣ್ಣದ ಯಂತ್ರದಲ್ಲಿ ತೆಗೆದಾಗ ಮಂಜಿನ ಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಕಂಡಿತು. ಆರು ಬಣ್ಣದ ಯಂತ್ರದಲ್ಲಿ ತಿಳಿ ನೀಲಿ ಮತ್ತು ತಿಳಿ ಗುಲಾಬಿಗೆ ಬೇರೆಯೇ ಇಂಕ್ ಇರುತ್ತದೆ. ಅದರಲ್ಲಿ ತೆಗೆದ ಪ್ರಿಂಟ್‌ನಲ್ಲಿ ಮಂಜು ಮಂಜಿನಂತೆಯೇ ಬಂತು, ಎಲ್ಲಿ ಮುಗಿದು ಎಲ್ಲಿ ಆಕಾಶ ಶುರುವಾಯಿತೆಂದು ಗೊತ್ತಾಗದಂತೆ. ಇಪ್ಪತ್ತೆರಡು ಸಾವಿರಕ್ಕೆ ನೀವು ಕೊಳ್ಳುವುದು ಈ ಮಂಜನ್ನು. ಜೋಗದ ನೀರಿನ ತುಂತುರು, ಮಗುವಿನ ಕೆನ್ನೆ, ಬಿಳಿ ಪಂಚೆಯ ನೆರಳು, ಇಂಥ ತಿಳಿಬಣ್ಣದ ಕಡೆಗಳಲ್ಲಿ ಈ ಎರಡು ಇಂಕುಗಳ ಕೆಲಸ ಕಾಣುತ್ತದೆ. ಜರಿ ಸೀರೆ, ಹೂವಿನ ಮಂಟಪ, ಅಂಗಳದ ಚಪ್ಪರದಡಿ ನಿಂತ ನೆಂಟರು, ಇವುಗಳ 4×6 ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವಷ್ಟು ದೂರದಲ್ಲಿ ನಾಲ್ಕು ಬಣ್ಣದ್ದಕ್ಕೂ ಆರು ಬಣ್ಣದ್ದಕ್ಕೂ ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪ್ರಕೃತಿಯ ಫೋಟೋ ತೆಗೆಯುವ ಹುಚ್ಚು ನಿಮಗಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಡಿಪಿಐ ಸಂಖ್ಯೆಗೆ ಮರುಳಾಗಬೇಡಿ. ಅದು ಯಂತ್ರ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಇಡಬಲ್ಲದು ಎಂಬುದರ ಲೆಕ್ಕ. ಫೋಟೋದಲ್ಲಿ ಇಂಚಿಗೆ ಮುನ್ನೂರು ಪಿಕ್ಸೆಲ್ ಇದ್ದರೆ ಸಾಕು. 4×6ಕ್ಕೆ 1200×1800 ಪಿಕ್ಸೆಲ್, ಎರಡು ಮೆಗಾಪಿಕ್ಸೆಲ್ ದಾಟಿದರೆ ಆಯಿತು. ಎ4ಕ್ಕೆ ಒಂಬತ್ತು ಮೆಗಾಪಿಕ್ಸೆಲ್ ಹತ್ತಿರ. ಇಂದಿನ ಯಾವ ಮೊಬೈಲ್ ಆದರೂ ಇಷ್ಟು ಕೊಡುತ್ತದೆ. ಕೆಡುವುದು ವಾಟ್ಸಾಪ್‌ನಲ್ಲಿ ದಾಟಿಸುವಾಗ. ಸಾಮಾನ್ಯವಾಗಿ ಕಳಿಸಿದ ಫೋಟೋವನ್ನು ಅದು ಕುಗ್ಗಿಸಿ ಹಿಂಡಿಬಿಡುತ್ತದೆ, ತಲೆಗೂದಲೂ ಸೀರೆಯ ಅಂಚೂ ಕಲಸಿದಂತಾಗುತ್ತವೆ. ನೆಂಟರಿಂದ ಫೋಟೋ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮೊಬೈಲ್ ಫೋಟೋದ ಆಕಾರ ನಾಲ್ಕಕ್ಕೆ ಮೂರು, 4×6 ಕಾಗದದ್ದು ಮೂರಕ್ಕೆ ಎರಡು ಎಂಬುದೂ ನೆನಪಿರಲಿ. ಕಾಗದ ತುಂಬಬೇಕೆಂದರೆ ಚಿತ್ರದ ಒಂಬತ್ತರಲ್ಲಿ ಒಂದು ಪಾಲು ಹೋಗಲೇಬೇಕು. ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನ ಪೇಟ, ಮುಂದೆ ಕುಳಿತ ಮಕ್ಕಳ ಪಾದ ಹೋಗುವುದು ಹೀಗೆ. ಯಾವುದನ್ನು ಬಿಡಬೇಕೆಂದು ಯಂತ್ರಕ್ಕೆ ಬಿಡದೆ ನೀವೇ ಮೊದಲು ಕತ್ತರಿಸಿಕೊಳ್ಳಿ.

ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರನ್ನು ನಾನು ಕೇಳಿದಷ್ಟು ಇನ್ನಾವುದನ್ನೂ ಕೇಳಿಲ್ಲ. ಹೆಚ್ಚಿನ ಸಲ ತಪ್ಪು ಯಂತ್ರದ್ದಲ್ಲ. ಮೊಬೈಲ್ ಪರದೆ ತಾನೇ ಬೆಳಗುವ ವಸ್ತು, ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮಾತ್ರ ಕಾಣುವಂಥದು. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ಫೋಟೋ ನೋಡಿ, ಕಪ್ಪೆನಿಸಿದರೆ ಅಲ್ಲಿಯೇ ಸ್ವಲ್ಪ ತಿಳಿ ಮಾಡಿ, ಆಮೇಲೆ ಪ್ರಿಂಟ್ ಕೊಡಿ. ಎರಡನೆಯ ತಪ್ಪು ಇನ್ನೂ ಸಾಮಾನ್ಯ. ಗ್ಲಾಸಿ ಕಾಗದ ಹಾಕಿ, ಪ್ರಿಂಟ್ ಕೊಡುವಾಗ ಕಾಗದದ ಬಗೆಯನ್ನು ಸಾದಾ ಕಾಗದ ಎಂದೇ ಬಿಟ್ಟುಬಿಡುತ್ತಾರೆ. ಯಾವ ಬಣ್ಣವನ್ನು ಎಷ್ಟು ಸುರಿಯಬೇಕೆಂದು ಯಂತ್ರ ತೀರ್ಮಾನಿಸುವುದೇ ಆ ಒಂದು ಆಯ್ಕೆಯಿಂದ. ಕೆಲವು ಯಂತ್ರಗಳಲ್ಲಿ ಅಕ್ಷರಕ್ಕೆಂದು ಇರುವ ಕಪ್ಪು ಇಂಕ್ ಗ್ಲಾಸಿ ಮೇಲೆ ಹಿಡಿಯುವುದೇ ಇಲ್ಲ, ಒರೆಸಿದರೆ ಕೈಗೆ ಬರುತ್ತದೆ. ಕಾಗದದ ಬಗೆ ಸರಿಯಾಗಿ ಹೇಳಿದರೆ ಯಂತ್ರವು ಆ ಕಪ್ಪನ್ನು ಬಿಟ್ಟು ಉಳಿದ ಮೂರು ಬಣ್ಣ ಬೆರೆಸಿ ಕಪ್ಪು ಮಾಡಿಕೊಳ್ಳುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಪ್ರಿಂಟ್ ಚೆನ್ನಾಗಿ ಬರುವಂತೆ ಮಾಡುವ ದಾರಿ ಇದು.

ಕಾಗದದಲ್ಲಿ ಜಿಪುಣತನ ಬೇಡ. ನಮ್ಮ ಜಿಲ್ಲೆ ಕಾಗದಕ್ಕೆ ಹೊಸದಲ್ಲ. ಭದ್ರಾವತಿಯಲ್ಲಿ 1936ರಲ್ಲಿಯೇ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕಾಗದದ ನಾರು ನೀರು ಕುಡಿಯುತ್ತದೆ ಎಂಬುದು ಇಲ್ಲಿನ ಮಳೆಗಾಲದಲ್ಲಿ ನೋಟ್‌ಪುಸ್ತಕ ಬಳಸಿದ ಪ್ರತಿ ಮಗುವಿಗೂ ಗೊತ್ತು. ಅಂಗಡಿಯಲ್ಲಿ ಎರಡು ಮೂರು ರೂಪಾಯಿಗೆ ಸಿಗುವ ಗ್ಲಾಸಿ ಹಾಳೆ ಸಾಮಾನ್ಯವಾಗಿ ಮೇಲ್ಮೈಗೆ ಮಾತ್ರ ಹೊಳಪು ಲೇಪಿಸಿದ ಕಾಗದ. ಅದರ ಹಿಂಬದಿ ಬರೀ ಕಾಗದವಾದ್ದರಿಂದ ತೇವ ಎಳೆದುಕೊಂಡು ಸುರುಳಿಯಾಗುತ್ತದೆ. ಇನ್ನೊಂದು ಬಗೆ ರೆಸಿನ್ ಕೋಟೆಡ್. ಕಾಗದದ ಎರಡೂ ಬದಿಗೆ ತೆಳುವಾದ ಪ್ಲಾಸ್ಟಿಕ್ ಪದರ, ಅದರ ಮೇಲೆ ಇಂಕ್ ಹೀರುವ ಪದರ. ಸ್ಟುಡಿಯೋ ಫೋಟೋ ಹಿಡಿದ ಅನುಭವವೇ ಕೈಗೆ ಬರುತ್ತದೆ. ಜಿಎಸ್‌ಎಂ ಎಂಬುದು ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ತೂಕ ಮಾತ್ರ. 180ರ ರೆಸಿನ್ ಕೋಟೆಡ್ 230ರ ಸಾದಾ ಗ್ಲಾಸಿಗಿಂತ ಮೇಲು. ಯಾವ ಬದಿಗೆ ಪ್ರಿಂಟ್ ತೆಗೆಯಬೇಕೆಂದು ಗೊಂದಲವಾದರೆ ತೋರುಬೆರಳನ್ನು ತುಸು ಒದ್ದೆ ಮಾಡಿ ಹಾಳೆಯ ಮೂಲೆ ಮುಟ್ಟಿ. ಯಾವ ಬದಿ ಬೆರಳಿಗೆ ಅಂಟುತ್ತದೆಯೋ ಇಂಕ್ ಬೀಳಬೇಕಾದದ್ದು ಅಲ್ಲಿ.

ನಮ್ಮ ಹವೆಯ ವಿಷಯಕ್ಕೆ ಬರುತ್ತೇನೆ. ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ, ನನಗೆ ಇದನ್ನೇ ಹೆಚ್ಚು ಹೇಳಬೇಕಾಗಿದೆ. ಸಾಮಾನ್ಯವಾಗಿ ಪ್ರಿಂಟರ್ ಕೈಪಿಡಿಗಳಲ್ಲಿ ಗಾಳಿಯ ತೇವ ಶೇಕಡಾ 20ರಿಂದ 80ರ ಒಳಗಿರಬೇಕು ಎಂದು ಬರೆದಿರುತ್ತದೆ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಆರಿದ್ರಾದಿಂದ ಆಶ್ಲೇಷದವರೆಗೆ ಆ 80ರ ಗೆರೆ ನಮ್ಮ ಮನೆಗಳಲ್ಲಿ ದಿನಗಟ್ಟಲೆ ಮುಳುಗಿಯೇ ಇರುತ್ತದೆ. ಕಂಬಳಿ ಒಣಗದ, ಉಪ್ಪು ನೀರೊಡೆಯುವ ಆ ದಿನಗಳಲ್ಲಿ ಇಂಕ್ ಒಣಗಿ ಹೆಡ್ ಕಟ್ಟುವ ಭಯ ಕಡಿಮೆ. ಆಗ ಕೆಡುವುದು ಕಾಗದ. ಅಂಚು ಮೇಲಕ್ಕೆದ್ದ ಹಾಳೆ ಓಡುವಾಗ ಹೆಡ್ಡಿಗೆ ತಾಗುತ್ತದೆ, ಫೋಟೋದ ಅಂಚಿನಲ್ಲಿ ಕಪ್ಪು ಮಸಿ ಬಳಿದಂತಾಗುತ್ತದೆ. ಮನೆಯ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಡೈ ಇಂಕ್, ಎಂದರೆ ನೀರಿನಲ್ಲಿ ಕರಗಿದ ಬಣ್ಣ. ಒಣಗಿತೆಂದು ತೋರಿದರೂ ತೇವದಲ್ಲಿ ಅದು ಮೆಲ್ಲಗೆ ಹರಡಿಕೊಳ್ಳುತ್ತದೆ, ಗೆರೆಗಳು ಮೃದುವಾಗುತ್ತವೆ, ಬಣ್ಣದ ಛಾಯೆ ಬದಲಾಗುತ್ತದೆ. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು. ಕಾಗದ ಗರಿಗರಿಯಾಗಿರುತ್ತದೆ, ಇಂಕ್ ಚಿಮ್ಮುವ ಸಣ್ಣ ತೂತಾದ ನಾಜಲ್‌ನಲ್ಲಿ ಇಂಕ್ ಒಣಗಿ ಕೂರುತ್ತದೆ. ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ತಿಂಗಳುಗಟ್ಟಲೆ ಊರು ಬಿಟ್ಟು ಬಂದ ಮೇಲೆ ಪ್ರಿಂಟ್‌ನಲ್ಲಿ ಅಡ್ಡ ಗೆರೆ ಬಂದರೆ ಕಾರಣ ಇದೇ.

ಹಾಗಾಗಿ ಮಳೆ ಹಿಡಿಯುವ ಮೊದಲೇ ಕಾಗದದ ಪೊಟ್ಟಣಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ಬಣ್ಣ ಬದಲಾಗುವ ಹರಳಿನದನ್ನು ತನ್ನಿ. ತೇವ ಕುಡಿದು ಬಣ್ಣ ಕಳೆದುಕೊಂಡಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿದರೆ ಮೊದಲಿನ ಬಣ್ಣಕ್ಕೆ ತಿರುಗುತ್ತದೆ. ಪ್ರಿಂಟ್ ತೆಗೆಯುವ ದಿನ ಬೇಕಾದಷ್ಟೇ ಹಾಳೆ ಹೊರಗೆ ತೆಗೆಯಿರಿ, ಟ್ರೇಯಲ್ಲಿ ಬಿಟ್ಟು ಮಲಗಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡುವವರಿದ್ದಾರೆ. ಅಡಿಕೆಗೆ ಸರಿ, ಫೋಟೋಕ್ಕೆ ಹೊಗೆ ಆಗದು. ತೆಗೆದ ಪ್ರಿಂಟ್‌ಗಳನ್ನು ಒಂದರ ಮೇಲೊಂದು ಪೇರಿಸದೆ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ, ಬಿಡಿಬಿಡಿಯಾಗಿ ಹರಡಿಡಿ. ಅವಸರದಿಂದ ಗಾಜಿನೊಳಗೆ ಸೇರಿಸಿದರೆ ಇಂಕಿನಲ್ಲಿರುವ ದ್ರಾವಕ ಮೆಲ್ಲಗೆ ಹೊರಬಂದು ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ.

ಕರೆಂಟಿನ ವಿಷಯವೂ ಇದರಲ್ಲಿ ಸೇರಿದೆ. ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಬೇಡಿ. ಅದರ ಮೈಮೇಲಿರುವ ಗುಂಡಿ ಒತ್ತಿದಾಗ ಹೆಡ್ ಬಲಬದಿಯ ತನ್ನ ಗೂಡಿಗೆ ಸರಿದು, ಕೆಳಗಿನಿಂದ ರಬ್ಬರ್ ಮುಚ್ಚಳ ಎದ್ದು ನಾಜಲ್‌ಗಳನ್ನು ಮುಚ್ಚಿಕೊಳ್ಳುತ್ತದೆ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ನಾನೇ ಒಮ್ಮೆ ಗುಡುಗಿಗೆ ಹೆದರಿ ಪ್ಲಗ್ ಕಿತ್ತು, ಕರೆಂಟ್ ಬಂದ ಮೇಲೂ ಮರೆತು ಒಂಬತ್ತು ದಿನ ಹಾಗೆಯೇ ಬಿಟ್ಟಿದ್ದೆ. ಆಮೇಲೆ ಹಳದಿ ಬಣ್ಣ ಬರಲೇ ಇಲ್ಲ. ಏಳು ಸಲ ಹೆಡ್ ಸ್ವಚ್ಛ ಮಾಡಿದೆ, ಇಂಕ್ ಮಟ್ಟ ಕಣ್ಣೆದುರೇ ಇಳಿಯಿತು, ಗೆರೆ ಮಾತ್ರ ಸೇರಲಿಲ್ಲ. ಕೊನೆಗೆ ಹೆಡ್ ಬದಲಿಸಬೇಕಾಯಿತು. ಅಂದಿನಿಂದ ಪ್ರಿಂಟರ್ ಪಕ್ಕ ಒಂದು ಸಣ್ಣ ಯುಪಿಎಸ್ ಇಟ್ಟಿದ್ದೇನೆ, ಹೆಡ್ ಗೂಡು ಸೇರುವಷ್ಟು ಹೊತ್ತು ಕರೆಂಟ್ ಕೊಟ್ಟರೆ ಸಾಕು. ಪ್ರತಿ ಬಾರಿ ಫೋಟೋ ತೆಗೆಯುವ ಮೊದಲು ಸಾದಾ ಹಾಳೆಯ ಮೇಲೆ ನಾಜಲ್ ಪರೀಕ್ಷೆಯ ಗೆರೆಗಳನ್ನು ತೆಗೆದು ನೋಡಿ. ಹಳದಿ ಗೆರೆ ಎಲ್ಲಿ ತುಂಡಾಗಿದೆ ಎಂಬುದು ದೀಪದಲ್ಲಿ ಕಾಣುವುದಿಲ್ಲ, ಹಗಲು ಬೆಳಕಿಗೆ ಹಿಡಿಯಬೇಕು. ತುಂಡಾಗಿದ್ದರೆ ಒಂದೆರಡು ಸಲ ಸ್ವಚ್ಛ ಮಾಡಿ, ಸರಿಹೋಗದಿದ್ದರೆ ಒಂದು ರಾತ್ರಿ ಸುಮ್ಮನೆ ಬಿಟ್ಟು ಮಾರನೆಯ ದಿನ ನೋಡಿ. ನನ್ನಂತೆ ಹಟಕ್ಕೆ ಬಿದ್ದು ಇಂಕ್ ಚೆಲ್ಲಬೇಡಿ.

ಅಗ್ಗದ ಇಂಕ್ ಹಾಕಬಹುದೇ ಎಂದು ಕೇಳಿದ್ದೀರಿ. ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಒಂದೇ ಫೋಟೋವನ್ನು ಒಂದೇ ಕಾಗದದ ಮೇಲೆ, ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ತೆಗೆದೆ. ಒಂದರಲ್ಲಿ ಕಂಪನಿಯ ಇಂಕ್, ಇನ್ನೊಂದರಲ್ಲಿ ಬಾಟಲಿಗೆ ನೂರು ರೂಪಾಯಿಯ ಇಂಕ್. ಎರಡರ ಅರ್ಧಭಾಗವನ್ನೂ ರಟ್ಟಿನಿಂದ ಮುಚ್ಚಿ, ಪೂರ್ವದ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದೆ. ಸಂಕ್ರಾಂತಿಗೆ ಅಂಟಿಸಿದ್ದು, ಯುಗಾದಿ ಕಳೆದು ತೆಗೆದೆ. ಕಂಪನಿಯ ಇಂಕಿನದರಲ್ಲಿ ರಟ್ಟಿನ ಗೆರೆಯನ್ನು ಹುಡುಕಿ ನೋಡಬೇಕಿತ್ತು. ಅಗ್ಗದ್ದರಲ್ಲಿ ಗುಲಾಬಿ ಬಣ್ಣ ಓಡಿಹೋಗಿತ್ತು. ಮುಖದ ಅರ್ಧ ಗೋಧಿ ಬಣ್ಣ, ಉಳಿದರ್ಧ ಕೆರೆಯ ಪಾಚಿಯ ಬಣ್ಣ. ಒಂದು ಫೋಟೋದ ಇಂಕಿನಲ್ಲಿ ಉಳಿಯುವುದು ಒಂದೂವರೆ ರೂಪಾಯಿಯ ಆಸುಪಾಸು. ಅಷ್ಟಕ್ಕಾಗಿ ಮಗಳ ಮುಖವನ್ನು ಪಣಕ್ಕಿಡಬೇಡಿ. ಕಂಪನಿಯ ಡೈ ಇಂಕ್ ಕೂಡ ಬಿಸಿಲಿಗೆ ಮಾಸದೆ ಇರುವುದಿಲ್ಲ, ನಿಧಾನ ಮಾತ್ರ. ಮನೆಯ ಪ್ರಿಂಟ್‌ಗಳನ್ನು ಆಲ್ಬಮಿನಲ್ಲಿ, ಪಾಲಿಪ್ರೊಪಿಲೀನ್ ಲಕೋಟೆಯ ಪುಟಗಳಲ್ಲಿ ಇಡಿ. ಪುಟವೇ ಅಂಟಂಟಾಗಿರುವ ಆಲ್ಬಮ್ ಬೇಡ, ಆ ಅಂಟು ಕ್ರಮೇಣ ಹಳದಿಗೆ ತಿರುಗಿ ಫೋಟೋವನ್ನೂ ಬಿಡುವುದಿಲ್ಲ.

ಒಂದು ವೇಳೆ ಮೊಮ್ಮಗ ಶಾಲೆ ಬದಲಿಸಿ, ಪಹಣಿಯ ಓಡಾಟವೂ ನಿಂತು, ವಾರ ವಾರ ಯಂತ್ರ ಓಡಿಸುವ ಕೆಲಸವೇ ಇಲ್ಲವಾದರೆ ಇಂಕಿನ ಯಂತ್ರವನ್ನೇ ತರಬೇಡಿ. ಅಂಥ ಮನೆಗೆ ಕ್ಯಾನನ್ ಕಂಪನಿಯ ಸೆಲ್ಫಿ (Selphy) ಪ್ರಿಂಟರಿನಂಥ ಡೈ ಸಬ್ಲಿಮೇಷನ್ ಯಂತ್ರ, ಎಂದರೆ ಬಣ್ಣವನ್ನು ಬಿಸಿಯಿಂದ ಕಾಗದಕ್ಕೆ ಇಳಿಸುವಂಥದು, ಸರಿ. ಅದರಲ್ಲಿ ಇಂಕ್ ಇಲ್ಲ, ಬಣ್ಣದ ರಿಬ್ಬನ್ ಇದೆ, ಆರು ತಿಂಗಳು ಬಿಟ್ಟರೂ ಒಣಗುವುದಕ್ಕೆ ಏನೂ ಇಲ್ಲ. ಕಾಗದ ನಾಲ್ಕು ಸಲ ಒಳಹೊರಗೆ ಓಡಾಡುತ್ತದೆ. ಮೊದಲು ಹಳದಿ, ಆಮೇಲೆ ಗುಲಾಬಿ, ಆಮೇಲೆ ನೀಲಿ, ಕೊನೆಗೆ ಪಾರದರ್ಶಕವಾದ ರಕ್ಷಣೆಯ ಪದರ. ಮಕ್ಕಳು ಅದರ ಮುಂದೆ ಕಣ್ಣು ಮಿಟುಕಿಸದೆ ಕೂರುತ್ತಾರೆ. ಕಾಗದವನ್ನೂ ರಿಬ್ಬನ್ನನ್ನೂ ಎಣಿಸಿ ಜೊತೆಯಾಗಿಯೇ ಮಾರುವುದರಿಂದ ಒಂದರ ಖರ್ಚು ಮೊದಲೇ ಗೊತ್ತಿರುತ್ತದೆ, ಇಪ್ಪತ್ತೈದು ರೂಪಾಯಿ ಎಂದು ಹಿಡಿಯಿರಿ. ಅಳತೆ ಪೋಸ್ಟ್‌ಕಾರ್ಡಿನಷ್ಟೇ. ತಿಂಗಳಿಗೆ ಹತ್ತು ಫೋಟೋ ತೆಗೆಯುವವರಿಗೆ ಇದಕ್ಕಿಂತ ನೆಮ್ಮದಿಯದು ನನಗೆ ಕಾಣುವುದಿಲ್ಲ.

ಇನ್ನು ನಿಮ್ಮ ಅಜ್ಜ. ನಾನೂರು ಫೋಟೋಗಳಲ್ಲಿ ಒಂದು ಹಾಳಾದರೆ ಮತ್ತೆ ತೆಗೆಯಬಹುದು, ಇದು ಒಂದೇ ಇರುವುದು. ಇದನ್ನು ಮನೆಯ ನಾಲ್ಕು ಬಣ್ಣದ ಯಂತ್ರದಲ್ಲಿ ತೆಗೆಯಬೇಡಿ. ಬಣ್ಣಗಳನ್ನು ಬೆರೆಸಿ ಬೂದುಬಣ್ಣ ಮಾಡುವ ಯಂತ್ರ ಕಪ್ಪುಬಿಳುಪು ಫೋಟೋಕ್ಕೆ ಒಂದೋ ಹಸಿರು, ಒಂದೋ ಗುಲಾಬಿ ಛಾಯೆ ಕೊಟ್ಟುಬಿಡುತ್ತದೆ. ಬೆಳಗಿನ ಬೆಳಕಿನಲ್ಲಿ ಸರಿಯಾಗಿ ಕಂಡದ್ದು ರಾತ್ರಿ ಎಲ್‌ಇಡಿ ದೀಪದಲ್ಲಿ ಬೇರೆಯಾಗಿ ಕಾಣುತ್ತದೆ. ಪಿಗ್ಮೆಂಟ್ ಇಂಕ್ ಬಳಸುವ, ಬೂದುಬಣ್ಣಕ್ಕೇ ಪ್ರತ್ಯೇಕ ಇಂಕುಗಳಿರುವ ದೊಡ್ಡ ಯಂತ್ರ ಇಟ್ಟಿರುವವರಲ್ಲಿ ಹತ್ತಿಯ ಕಾಗದದ ಮೇಲೆ ಒಂದು ಪ್ರಿಂಟ್ ತೆಗೆಸಿ. ಪಿಗ್ಮೆಂಟ್ ಎಂದರೆ ಕರಗದ ಬಣ್ಣದ ಪುಡಿ, ಬೆಳಕಿಗೂ ತೇವಕ್ಕೂ ಡೈಗಿಂತ ಎಷ್ಟೋ ಮೇಲು. ಶಿವಮೊಗ್ಗದ ದುರ್ಗಿಗುಡಿಯ ಕಡೆ ಬಂದಾಗ ವಿಚಾರಿಸಿ, ಸಿಗದಿದ್ದರೆ ಬೆಂಗಳೂರಿಗೆ ಫೈಲ್ ಕಳಿಸಿ ಅಂಚೆಯಲ್ಲಿ ತರಿಸಿಕೊಳ್ಳಿ. ಬೆಲೆ ಕೇಳಿದಾಗ ಹೆಚ್ಚೆನಿಸಬಹುದು. ನಾನೂರರಲ್ಲಿ ಉಳಿಸಿದ್ದನ್ನು ಈ ಒಂದಕ್ಕೆ ಹಾಕಲಿ ಎಂದೇ ಇಷ್ಟು ಹೊತ್ತು ಲೆಕ್ಕ ಹೇಳಿದ್ದು.

ಸ್ಕ್ಯಾನ್ ಮಾತ್ರ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮೂಲ ಫೋಟೋ 2×3 ಇಂಚಿನದಾಗಿದ್ದು 8×12 ಬೇಕೆಂದರೆ 1200 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿ. ಮೂಲವೇ ದೊಡ್ಡದಾಗಿದ್ದರೆ 600 ಸಾಕು. ಹೊಸ ಪ್ರಿಂಟಿಗೆ ಕಟ್ಟು ಹಾಕಿಸುವಾಗ ಫೋಟೋಕ್ಕೂ ಗಾಜಿಗೂ ನಡುವೆ ಸುತ್ತ ದಪ್ಪ ರಟ್ಟಿನ ಅಂಚು ಕೊಡಿಸಿ, ಎರಡೂ ಒಂದನ್ನೊಂದು ಮುಟ್ಟಬಾರದು. ಮಳೆಯ ಇರಿಚಲು ಹೊಡೆಯುವ ಹೊರಗೋಡೆ ಬೇಡ, ನಡುಮನೆಯ ಒಳಗೋಡೆಗೆ ತೂಗುಹಾಕಿ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯಿಂದ ಕತ್ತರಿಸಿದ ಎರಡು ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ.

ಹಳೆಯದನ್ನು ಕಟ್ಟಿನಿಂದ ಬಿಚ್ಚುವ ಮೊದಲು ಅದನ್ನು ಓರೆಯಾಗಿ ಹಿಡಿದು ಗಾಜಿನೊಳಗೆ ನೋಡಿ. ಎಲ್ಲಾದರೂ ಒದ್ದೆ ಬಟ್ಟೆ ಅಂಟಿದ ಹಾಗೆ ಹೊಳೆಯುವ ಮಚ್ಚೆ ಕಂಡರೆ ಫೋಟೋ ಗಾಜಿಗೆ ಕಚ್ಚಿಕೊಂಡಿದೆ ಎಂದರ್ಥ. ಆ ಕಾಲದ ಫೋಟೋಗಳ ಮೇಲ್ಪದರ ಜೆಲಾಟಿನ್. ಮಲೆನಾಡಿನ ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಬೂಷ್ಟಿಗೂ ಅದೇ ಆಹಾರ. ಕಿತ್ತರೆ ಅಜ್ಜನ ಮುಖ ಗಾಜಿನ ಮೇಲೆಯೇ ಉಳಿಯುತ್ತದೆ. ಹಾಗಿದ್ದರೆ ಬಿಚ್ಚಬೇಡಿ. ಗಾಜಿನ ಹೊರಮೈ ಒರೆಸಿ, ಕಟ್ಟನ್ನು ಹಗಲಿನಲ್ಲಿ ಜಗಲಿಯ ನೆರಳಿಗೆ ತಂದು ಗೋಡೆಗೆ ಒರಗಿಸಿ, ಬೆಳಕು ಒಂದು ಬದಿಯಿಂದ ಬೀಳುವಂತೆ ಇಡಿ. ಕ್ಯಾಮೆರಾ ಹಿಡಿದವರ ಹಿಂದೆ ಇಬ್ಬರು ಕಪ್ಪು ಕಂಬಳಿಯೊಂದನ್ನು ಅಗಲವಾಗಿ ಹಿಡಿದು ನಿಲ್ಲಲಿ, ಆಗ ಗಾಜಿನಲ್ಲಿ ಅಂಗಳದ ಪ್ರತಿಬಿಂಬ ಬೀಳುವುದಿಲ್ಲ. ಫ್ಲಾಶ್ ಬೇಡ. ಹತ್ತು ಹದಿನೈದು ಬಾರಿ ತೆಗೆದು, ಕಣ್ಣಿನ ರೆಪ್ಪೆ ಸ್ಪಷ್ಟವಾಗಿ ಬಂದದ್ದನ್ನು ಆರಿಸಿಕೊಂಡು ಆ ಫೈಲನ್ನೇ ಪ್ರಿಂಟಿಗೆ ಕಳಿಸಿ. ಕಂಬಳಿಗೆ ಬೇರೆ ಕೆಲಸ ಬರುವ ಮೊದಲು, ಮೇ ತಿಂಗಳೊಳಗೆ ಇದನ್ನು ಮುಗಿಸಿಕೊಳ್ಳಿ.